ಲೆಕ್ಕಕ್ಕೆ ಸಿಗದ ಸೀಸ

ಪುಣೆಯ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬ್ಯಾಟರಿ ತಯಾರಿಸುವ ಒಂದು ಕಂಪನಿಯಲ್ಲಿ ನಾನು ಪ್ರೊಸೆಸ್ ಇಂಜಿನಿಯರ್. ಊರು ಗದಗ. ಕೆಲವು ವರ್ಷಗಳ ಹಿಂದೆ ನಮ್ಮ ಕಂಪನಿ ಮತ್ತು ಒಂದು ಸರ್ಕಾರಿ ಸಂಶೋಧನಾ ಸಂಸ್ಥೆ ಸೇರಿ ಮಾಡುವ ಯೋಜನೆಯೊಂದು ಮಂಜೂರಾಯಿತು. ದುಡ್ಡಿನಲ್ಲಿ ಒಂದು ಪಾಲು ಕೇಂದ್ರ ಸರ್ಕಾರದ ಅನುದಾನ, ಇನ್ನೊಂದು ಪಾಲು ಕಂಪನಿಯದು. ಕಾಗದಪತ್ರ ನೋಡಿಕೊಳ್ಳುವವರು ಯಾರಾದರೂ ಬೇಕಿತ್ತು. ನಾನು ಇಂಗ್ಲಿಷಿನಲ್ಲಿ ಪತ್ರ ಬರೆಯಬಲ್ಲೆ, ಮರಾಠಿ ಮಾತಾಡಬಲ್ಲೆ, ಜೊತೆಗೆ ಪ್ಲಾಂಟ್ ಗೊತ್ತು. ಹಾಗಾಗಿ 'ಕೋಆರ್ಡಿನೇಟರ್' ಅನ್ನೋ ಪಟ್ಟ ನನ್ನ ತಲೆಗೆ ಬಂತು. ಸಂಬಳ ಮಾತ್ರ ಮೊದಲಿನಷ್ಟೇ.

ಯೋಜನೆ ಏನಂದರೆ, ಸೀಸ-ಆಮ್ಲ ಬ್ಯಾಟರಿಯ ಋಣ ಪ್ಲೇಟಿಗೆ ಒಂದಿಷ್ಟು ಇಂಗಾಲ ಸೇರಿಸಿ ಅದರ ಆಯಸ್ಸು ಹೆಚ್ಚಿಸುವುದು. ಇ-ರಿಕ್ಷಾ, ಸೋಲಾರ್ ದೀಪ ಇಂಥ ಕಡೆ ಬ್ಯಾಟರಿ ಪೂರ್ತಿ ಚಾರ್ಜ್ ಆಗದೆ ಅರ್ಧಂಬರ್ಧ ಸ್ಥಿತಿಯಲ್ಲೇ ಓಡುತ್ತಿರುತ್ತದೆ. ಆಗ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂತುಬಿಡುತ್ತದೆ. ಸರಿಯಾದ ಜಾತಿಯ ಇಂಗಾಲ, ಸರಿಯಾದ ಪ್ರಮಾಣದಲ್ಲಿ ಹಾಕಿದರೆ ಅದು ಕಡಿಮೆಯಾಗುತ್ತದೆ. ಯಾವ ಜಾತಿ, ಎಷ್ಟು ಪ್ರಮಾಣ ಅನ್ನೋದೇ ಸಂಶೋಧನೆ.

ಸರ್ಕಾರ ದುಡ್ಡು ಕೊಟ್ಟ ಮೇಲೆ ಅದರ ಹಿಂದೆ ಹೇಗೆ ನಡೆದು ಬರುತ್ತದೆ ಅಂತ ಆ ಯೋಜನೆಯಲ್ಲಿ ನೋಡಿದೆ. ಹಣ ಪ್ರತ್ಯೇಕ ಬ್ಯಾಂಕ್ ಖಾತೆಗೆ ಬರುತ್ತದೆ. ಅಲ್ಲಿ ಹುಟ್ಟಿದ ಬಡ್ಡಿಯೂ ನಮ್ಮದಲ್ಲ, ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಹಣಕಾಸು ವರ್ಷ ಮುಗಿದ ಮೇಲೆ ಸರ್ಕಾರದ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ ಅನ್ನೋ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕಳಿಸಬೇಕು. ಎಲ್ಲರೂ ಅದಕ್ಕೆ ಯುಸಿ ಅಂತಾರೆ. ಯುಸಿ ಹೋಗದಿದ್ದರೆ ಮುಂದಿನ ಕಂತು ಇಲ್ಲ. ಯಂತ್ರಕ್ಕೆ ಅಂತ ಬಂದ ದುಡ್ಡನ್ನು ಪ್ರಯಾಣಕ್ಕೆ ಬಳಸುವ ಹಾಗಿಲ್ಲ. ಒಂದು ಬಾಬ್ತಿನಿಂದ ಇನ್ನೊಂದು ಬಾಬ್ತಿಗೆ ಸರಿಸಬೇಕಾದರೆ ಮೊದಲೇ ಒಪ್ಪಿಗೆ ಬೇಕು. ಕೊಂಡ ಪ್ರತಿ ಯಂತ್ರಕ್ಕೂ ಯೋಜನೆಯ ನಂಬರ್ ಬರೆದ ಸ್ಟಿಕ್ಕರ್, ಆಸ್ತಿ ರಿಜಿಸ್ಟರಿನಲ್ಲಿ ಒಂದು ಸಾಲು. ಬೇಕೆನಿಸಿದರೆ ಸಿಎಜಿ ಕೂಡ ಬಂದು ಲೆಕ್ಕ ನೋಡಬಹುದು ಅಂತ ಮಂಜೂರಾತಿ ಪತ್ರದಲ್ಲೇ ಇತ್ತು.

ಇದನ್ನೆಲ್ಲ ಬೈಯುವವರು ಬಹಳ ಜನ. ನನಗೆ ಹಾಗನ್ನಿಸಲಿಲ್ಲ. ಜನರ ತೆರಿಗೆ ದುಡ್ಡು ಖಾಸಗಿ ಕಂಪನಿಯ ಗೋಡೆಯೊಳಗೆ ಹೋಗುವಾಗ ಇಷ್ಟು ಕಟ್ಟುನಿಟ್ಟು ಇರಲೇಬೇಕು.

ಮೊದಲ ಸಲ ಪರಿಶೀಲನಾ ಸಮಿತಿ ಬಂದಾಗ ಒಬ್ಬ ಹಿರಿಯರು ತೂಕದ ಯಂತ್ರದ ಮುಂದೆ ನಿಂತರು. ಸ್ಟಿಕ್ಕರ್ ಕಾಣಲಿಲ್ಲ. ಅದರ ಮೇಲೆ ಬೂದು ಬಣ್ಣದ ಪುಡಿ ಕೂತಿತ್ತು. ಅವರು ಜೇಬಿನಿಂದ ಕರ್ಚೀಫ್ ತೆಗೆದು ಒರೆಸಿ, ನಂಬರ್ ಓದಿ, ರಿಜಿಸ್ಟರಿಗೆ ತಾಳೆ ಹಾಕಿ, ಟಿಕ್ ಮಾಡಿ, ಕರ್ಚೀಫ್ ಮಡಚಿ ಮತ್ತೆ ಜೇಬಿಗೆ ಇಟ್ಟುಕೊಂಡರು. ಆ ಪುಡಿ ಸೀಸದ ಆಕ್ಸೈಡ್, ಬ್ಯಾಟರಿ ಪ್ಲೇಟಿನ ಪೇಸ್ಟಿಗೆ ಹಾಕುವ ವಿಷಕಾರಿ ಪುಡಿ. ಆಮೇಲೆ ಎಲ್ಲರೂ ವಡಾಪಾವ್ ತಿಂದು, ಚಹಾ ಕುಡಿದು ಹೊರಟರು. ಟಿಪ್ಪಣಿಯಲ್ಲಿ 'ಆಸ್ತಿಗಳು ಸರಿಯಾಗಿವೆ' ಅಂತ ಬಂತು.

ಅವರು ನಿಂತಿದ್ದ ಆ ರೂಮಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಮುಖ್ಯ ಪ್ಲಾಂಟಿನಲ್ಲಿ ಆಕ್ಸೈಡ್ ದೊಡ್ಡ ಟ್ಯಾಂಕಿನಿಂದ ಮುಚ್ಚಿದ ಕೊಳವೆಯಲ್ಲಿ ಮಿಕ್ಸರಿಗೆ ಇಳಿಯುತ್ತದೆ. ಮನುಷ್ಯರ ಕೈ ತಾಗುವುದು ಕಡಿಮೆ. ಧೂಳು ಹೀರುವ ಹುಡ್ ಇದೆ. ನೆಲ ಯಾವಾಗಲೂ ಒದ್ದೆ ಇರುತ್ತದೆ. ಬಟ್ಟೆ ಬದಲಿಸುವ ರೂಮು, ಸ್ನಾನದ ಮನೆ, ಉಗುರು ತಿಕ್ಕುವ ಬ್ರಷ್ ಎಲ್ಲ ಉಂಟು. ಬ್ಯಾಟರಿ ಕಾರ್ಖಾನೆಗೆ ಇವೆಲ್ಲ ಇರಲೇಬೇಕು ಅಂತ ಕಾರ್ಖಾನೆ ನಿಯಮಗಳಲ್ಲಿ ಬಿಡಿಸಿ ಬರೆದಿದೆ. ಯೋಜನೆಯ ಪ್ರಯೋಗ ನಡೆಯುತ್ತಿದ್ದ ಪೈಲಟ್ ರೂಮು ಮಾತ್ರ ಕಾಂಪೌಂಡಿನ ಹಿಂದಿನ ಮೂಲೆಯಲ್ಲಿತ್ತು. ಮೊದಲು ಖಾಲಿ ರಟ್ಟಿನ ಡಬ್ಬಿ ತುಂಬುತ್ತಿದ್ದ ಜಾಗ. ಬಾಗಿಲಿಗೆ 'ಆರ್ ಅಂಡ್ ಡಿ ಲ್ಯಾಬ್' ಅಂತ ಬೋರ್ಡ್ ಹಾಕಿದರು, ಎಸಿ ಕೂರಿಸಿದರು, ಲ್ಯಾಬ್ ಆಯಿತು.

ಲ್ಯಾಬ್ ಅಂದ ಕೂಡಲೇ ಎಲ್ಲರಿಗೂ ಅದು ಪ್ಲಾಂಟಿಗಿಂತ ಸುರಕ್ಷಿತ ಅನ್ನಿಸುತ್ತದೆ. ಸೀಸದ ವಿಷಯದಲ್ಲಿ ಇದು ಉಲ್ಟಾ. ಪ್ಲಾಂಟಿನಲ್ಲಿ ಒಂದೇ ತರದ ಪೇಸ್ಟ್, ಟನ್‌ಗಟ್ಟಲೆ, ಯಂತ್ರವೇ ಮಾಡುತ್ತದೆ. ಪ್ರಯೋಗದಲ್ಲಿ ದಿನಕ್ಕೊಂದು ರೆಸಿಪಿ. ಪ್ರತಿ ಸಲ ಚೀಲ ಬಿಚ್ಚಬೇಕು, ಚಮಚೆಯಲ್ಲಿ ತೋಡಬೇಕು, ತೂಗಬೇಕು, ಸುರಿಯಬೇಕು, ಮಿಕ್ಸರ್ ತೊಳೆಯಬೇಕು, ಮತ್ತೆ ಶುರು. ಇಂಗಾಲದ ಪುಡಿ ಬೇರೆ ಗಾಳಿಗೇ ಹಾರುವಂಥದ್ದು, ಆಕ್ಸೈಡನ್ನೂ ಜೊತೆಗೆ ಎಬ್ಬಿಸುತ್ತಿತ್ತು. ನೀರು, ಗಂಧಕಾಮ್ಲ ಸೇರಿ ಪೇಸ್ಟ್ ಹೋಳಿಗೆಯ ಕಣಕದ ಹದಕ್ಕೆ ಬಂದ ಮೇಲೆ ಅಪಾಯ ಕಡಿಮೆ. ಅದಕ್ಕೆ ಮೊದಲು, ಮತ್ತೆ ಚೆಲ್ಲಿದ ಪೇಸ್ಟ್ ಒಣಗಿ ಪುಡಿಯಾದ ಮೇಲೆ ಜಾಸ್ತಿ. ಸಂಜೆ ಒಣ ಪೊರಕೆಯಲ್ಲಿ ನೆಲ ಗುಡಿಸುತ್ತಿದ್ದರು. ಎಸಿ ಅದೇ ಗಾಳಿಯನ್ನು ತಿರುಗಿಸುತ್ತಿತ್ತು.

ತೂಗುವುದು, ಸುರಿಯುವುದು, ಗುಡಿಸುವುದು ಇಂಜಿನಿಯರುಗಳ ಕೆಲಸ ಅಲ್ಲ ಅಲ್ವಾ. ಠೇಕೇದಾರನ ಕಡೆಯ ಹುಡುಗರದು. ಹೆಚ್ಚಿನವರು ಆಳಂದ, ಅಫಜಲಪುರ, ಇಂಡಿ ಕಡೆಯವರು. ಸೊಲ್ಲಾಪುರ ದಾಟಿ ಪುಣೆಗೆ ಬಂದು, ಭೋಸರಿಯಲ್ಲಿ ಒಂದೊಂದು ಖೋಲಿಯಲ್ಲಿ ನಾಲ್ಕೈದು ಜನ ಇರುತ್ತಿದ್ದರು. ಕೆಲವರು ಸಂಸಾರ ಸಮೇತ. ನಾನು ಕನ್ನಡದವನು ಅಂತ ಗೊತ್ತಾದ ಮೇಲೆ ರಜೆ ಚೀಟಿ, ಪಿಎಫ್ ಅರ್ಜಿ, ಮೊಬೈಲಿಗೆ ಬಂದ ಬ್ಯಾಂಕ್ ಮೆಸೇಜು, ಎಲ್ಲ ನನ್ನ ಮೇಜಿಗೆ ಬರುತ್ತಿದ್ದವು.

ಹಾಗೇ ಒಂದು ದಿನ ಅವರಲ್ಲೊಬ್ಬರು ಬಂದರು. ನಲವತ್ತರ ಆಸುಪಾಸಿನ ಮನುಷ್ಯ, ತೂಕದ ಕೆಲಸದಲ್ಲಿ ಕೈ ಪಳಗಿದವರು.

"ಸರ್ರ, ಭಾಳ ದಿನದಿಂದ ಹೊಟ್ಟಿ ಕಟ್ಟಿದಂಗ ಆಗ್ಯಾದ್ರಿ. ಮೊಣಕಾಲು ಹಿಡೀತಾವ. ಮೈಯಾಗ ಶಕ್ತೀನ ಇಲ್ಲ."

"ಡಾಕ್ಟರಿಗೆ ತೋರಿಸಿದ್ರೇನು?"

"ಮುಕಾದಮ ಬೆಲ್ಲ ತಿನ್ನು ಅಂದ್ರಿ. ದಿನಾ ಕೊಡ್ತಾರ."

ಮುಕಾದಮ ಅಂದರೆ ಠೇಕೇದಾರನ ಕಡೆಯ ಮೇಸ್ತ್ರಿ. ಧೂಳಿನ ಕೆಲಸಕ್ಕೆ ಬೆಲ್ಲ ಕೊಡುವುದು ನಮ್ಮ ದೇಶದ ಕಾರ್ಖಾನೆಗಳಲ್ಲಿ ಹಳೇ ರೂಢಿ. ಬೆಲ್ಲ ತಿಂದರೆ ಬಾಯಿ ಸಿಹಿಯಾಗುತ್ತದೆ, ಸೀಸ ಹೊರಗೆ ಹೋಗುವುದಿಲ್ಲ. ಅದನ್ನು ತೊಳೆಯದ ಕೈಯಲ್ಲಿ ತಿಂದರೆ ಇನ್ನಷ್ಟು ಒಳಗೆ ಹೋಗುತ್ತದೆ. ಅವರ ಅಂಗೈ ನೋಡಿದೆ. ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕುವ ಜಾಗದಲ್ಲಿ ಬೂದು ಬಣ್ಣ ಗೆರೆಗಳೊಳಗೇ ಇಳಿದಿತ್ತು. ಗಂಟೆಗೊಮ್ಮೆ ತಂಬಾಕು. ಮೂಗಿಗೆ ಮಾಸ್ಕ್ ಕಟ್ಟಿದ್ದರೂ ಈ ದಾರಿ ತೆರೆದೇ ಇತ್ತು.

ನಮ್ಮ ಕಾರ್ಖಾನೆಯ ವೈದ್ಯೆ ಮರಾಠಿಯವರು, ಮಾತು ಕಡಿಮೆ. ಅವರು ಇವರ ವಸಡು ನೋಡಿದರು, ಕೈ ಮುಂದೆ ಚಾಚಿಸಿ ಮಣಿಕಟ್ಟು ಎತ್ತಲು ಹೇಳಿದರು. ಸೀಸ ನರಕ್ಕೆ ಹತ್ತಿದರೆ ಮಣಿಕಟ್ಟು ಜೋತು ಬೀಳುತ್ತದಂತೆ. ಆಮೇಲೆ ತಮ್ಮ ರಿಜಿಸ್ಟರ್ ತೆಗೆದು ಹುಡುಕಿದರು. ಇವರ ಹೆಸರಿಲ್ಲ. ಪೈಲಟ್ ರೂಮಿನ ಯಾರ ಹೆಸರೂ ಇಲ್ಲ. ಹಾಜರಿ ಪುಸ್ತಕದಲ್ಲಿ ಅವರೆಲ್ಲ 'ಲ್ಯಾಬ್ ಹೆಲ್ಪರ್'. ಸೀಸದ ವಿಭಾಗದವರಿಗೆ ನಿಗದಿತ ಅಂತರದಲ್ಲಿ ಆಗುವ ರಕ್ತ ಪರೀಕ್ಷೆಯ ಪಟ್ಟಿಗೆ ಲ್ಯಾಬ್ ಹೆಲ್ಪರ್‌ಗಳು ಬರುವುದೇ ಇಲ್ಲ.

ಆ ರಾತ್ರಿ ನಾನು ಎರಡು ಸಂಸ್ಥೆಗಳ ನಡುವಿನ ಒಪ್ಪಂದ ಪತ್ರ ಮೊದಲಿನಿಂದ ಓದಿದೆ. ಪೇಟೆಂಟ್ ಯಾರಿಗೆ, ರಾಯಧನ ಎಷ್ಟು, ಗುಟ್ಟು ಕಾಯುವುದು ಹೇಗೆ, ಜಗಳ ಬಂದರೆ ಯಾವ ಊರಿನ ಕೋರ್ಟು, ಇವೆಲ್ಲ ಪುಟಗಟ್ಟಲೆ. ಸುರಕ್ಷತೆಗೆ ಒಂದೇ ವಾಕ್ಯ: ಎರಡೂ ಕಡೆಯವರು ಅನ್ವಯವಾಗುವ ಕಾನೂನು ಪಾಲಿಸತಕ್ಕದ್ದು. ಮರುದಿನ ಸಂಸ್ಥೆಯ ವಿಜ್ಞಾನಿಗೆ ಫೋನ್ ಮಾಡಿದರೆ, "ಜಾಗ ನಿಮ್ಮದು, ಕೂಲಿಯವರು ನಿಮ್ಮವರು, ನೀವೇ ನೋಡಬೇಕು" ಅಂದರು. ನಮ್ಮ ಮ್ಯಾನೇಜರ್, "ಅದು ಪ್ರಾಜೆಕ್ಟ್ ಲ್ಯಾಬ್, ಪ್ರಾಜೆಕ್ಟಿನವರು ನೋಡಬೇಕು" ಅಂದರು. ಪ್ರಾಜೆಕ್ಟಿನವರು ಅಂದರೆ ಯಾರು? ಕಾಗದದ ಮೇಲೆ ನಾನೇ.

ಈ ಗಂಟು ಬಿಚ್ಚಿದ್ದು ನಮ್ಮ ಸುರಕ್ಷತಾ ಅಧಿಕಾರಿ. ಸಾತಾರಾ ಕಡೆಯವರು, ನಿವೃತ್ತಿಗೆ ಹತ್ತಿರ ಇದ್ದರು, ಎಲ್ಲರೂ ಅವರನ್ನು ದಾದಾ ಅಂತಲೇ ಕರೆಯುತ್ತಿದ್ದರು. ಅವರು 1948ರ ಕಾರ್ಖಾನೆ ಕಾಯ್ದೆಯ ಪುಸ್ತಕ ತೆರೆದು ಕಾರ್ಖಾನೆಯ ವ್ಯಾಖ್ಯೆ ತೋರಿಸಿದರು. ಕಾರ್ಖಾನೆ ಅಂದರೆ ಬರೀ ಶೆಡ್ ಅಲ್ಲ, ಅದರ ಆವರಣವೂ ಸೇರಿ. ಕಾಂಪೌಂಡಿನೊಳಗೆ ಲ್ಯಾಬ್ ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಕಾಯ್ದೆ ಹೊಸ್ತಿಲಲ್ಲಿ ನಿಲ್ಲುವುದಿಲ್ಲ. ಬ್ಯಾಟರಿ ತಯಾರಿಕೆ ಆ ಕಾಯ್ದೆಯ ಮೊದಲ ಅನುಸೂಚಿಯಲ್ಲೇ ಅಪಾಯಕಾರಿ ಉದ್ಯಮ ಅಂತ ಇದೆ. ಭೋಪಾಲ್ ಆದ ಮೇಲೆ, 1987ರಲ್ಲಿ, ಅಪಾಯಕಾರಿ ಕೆಲಸಗಳಿಗೆ ಒಂದು ಇಡೀ ಅಧ್ಯಾಯ ಸೇರಿಸಿದರು. ಕೆಲಸಕ್ಕೆ ಹಾಕುವ ಮೊದಲು ವೈದ್ಯಕೀಯ ಪರೀಕ್ಷೆ, ಆಮೇಲೆ ಹನ್ನೆರಡು ತಿಂಗಳು ಮೀರದಂತೆ ಮತ್ತೆ ಮತ್ತೆ. ಆರೋಗ್ಯದ ದಾಖಲೆ ಇಡಬೇಕು, ಅದು ಕಾರ್ಮಿಕರಿಗೆ ನೋಡಲು ಸಿಗಬೇಕು. ಕಂಪನಿಯಾದರೆ ನಿರ್ದೇಶಕರಲ್ಲಿ ಒಬ್ಬರನ್ನು ಕಾರ್ಖಾನೆಯ ಜವಾಬ್ದಾರ ಅಂತ ಕಾಯ್ದೆ ಹಿಡಿಯುತ್ತದೆ. ಯೋಜನೆಯ ಪಾಲುದಾರ ಯಾರು ಅಂತ ಅದು ಕೇಳುವುದೇ ಇಲ್ಲ.

(ಈಗ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ. ನಾನು ಹೇಳುತ್ತಿರುವುದು ಅದಕ್ಕೆ ಮೊದಲಿನ ಕಥೆ.)

ದಾದಾ ಇನ್ನೂ ಒಂದು ಕಾಗದ ತೆಗೆದರು. ಕಾರ್ಖಾನೆಯ ಮಂಜೂರಾದ ನಕ್ಷೆ. ಅದರಲ್ಲಿ ನಮ್ಮ ಲ್ಯಾಬ್ ಇರುವ ಜಾಗದಲ್ಲಿ 'ಪ್ಯಾಕಿಂಗ್ ಸಾಮಾನಿನ ಗೋದಾಮು' ಅಂತ ಇತ್ತು. ಸರ್ಕಾರದ ಒಂದು ಇಲಾಖೆಗೆ ಅಲ್ಲಿ ಲಕ್ಷಗಟ್ಟಲೆ ಬೆಲೆಯ ಯಂತ್ರಗಳಿವೆ, ಇನ್ನೊಂದು ಇಲಾಖೆಗೆ ಅಲ್ಲಿ ರಟ್ಟಿನ ಡಬ್ಬಿಗಳಿವೆ.

ಮೊದಲು ಗಾಳಿ ಅಳೆಯಬೇಕು ಅಂತ ಆಯಿತು. ಇದಕ್ಕೆ ರೂಮಿನ ಮಧ್ಯೆ ಯಂತ್ರ ಇಟ್ಟರೆ ಸಾಲದು. ಕೆಲಸಗಾರರ ಸೊಂಟಕ್ಕೆ ಚಿಕ್ಕ ಪಂಪು ಕಟ್ಟುತ್ತಾರೆ, ಅದರ ಕೊಳವೆ ಭುಜದ ಮೇಲಿಂದ ಬಂದು ಕಾಲರಿನ ಹತ್ತಿರ ಒಂದು ಫಿಲ್ಟರ್ ಡಬ್ಬಿಗೆ ಸೇರುತ್ತದೆ. ನಿಮಿಷಕ್ಕೆ ಎರಡು ಲೀಟರ್ ಗಾಳಿ, ಇಡೀ ಪಾಳಿ. ಅವರು ಉಸಿರಾಡುವ ಗಾಳಿಯೇ ಫಿಲ್ಟರಿನಲ್ಲಿ ಕೂರುತ್ತದೆ. ಕಾಯ್ದೆಯ ಮಿತಿ ಒಂದು ಘನ ಮೀಟರ್ ಗಾಳಿಗೆ 0.15 ಮಿಲಿಗ್ರಾಂ ಸೀಸ, ಎಂಟು ಗಂಟೆಯ ಸರಾಸರಿ. ಅಮೆರಿಕದಲ್ಲಿ 1978ರಿಂದಲೇ ಇದರ ಮೂರನೇ ಒಂದು ಭಾಗ, 0.05. ನಮ್ಮ ರೂಮಿನ ವರದಿ ನಮ್ಮ ಸಡಿಲ ಮಿತಿಯನ್ನೇ ದಾಟಿತ್ತು. ದಾದಾ ಆ ಹಾಳೆ ಹಿಡಿದುಕೊಂಡು ಹೋಗಿ ತೂಕದ ಕೆಲಸ ಅಂದೇ ನಿಲ್ಲಿಸಿದರು.

ಕೆಲಸ ನಿಂತಿತು ಅಂದರೆ ಯೋಜನೆ ನಿಂತಿತು. ಯೋಜನೆಗೆ ಒಂದು ಕಾಲಪಟ್ಟಿ ಇರುತ್ತದೆ, ಪ್ರತಿ ಹಂತಕ್ಕೂ ತಿಂಗಳು ಬರೆದಿರುತ್ತದೆ. ತಡವಾದರೆ ಅವಧಿ ವಿಸ್ತರಣೆ ಕೇಳಬೇಕು. ಹೆಚ್ಚು ದುಡ್ಡಿಲ್ಲದ, ಬರೀ ಸಮಯದ ವಿಸ್ತರಣೆ. ಅದಕ್ಕೊಂದು ಅರ್ಜಿ. ಅರ್ಜಿಯಲ್ಲಿ ಒಂದು ಅಂಕಣ: ವಿಳಂಬಕ್ಕೆ ಕಾರಣ.

ಇಡೀ ಕಥೆ ತಿರುಗಿದ್ದು ಈ ಅಂಕಣದಿಂದ. ಅಷ್ಟು ದಿನದ ಅಷ್ಟು ನಮೂನೆಗಳಲ್ಲಿ ಎಲ್ಲೂ ಆ ರೂಮಿನ ಗಾಳಿಯ ಬಗ್ಗೆ ಬರೆಯಲು ಜಾಗವೇ ಇರಲಿಲ್ಲ. ಇಲ್ಲಿ ಸರ್ಕಾರ ತಾನಾಗಿಯೇ ಕೇಳುತ್ತಿತ್ತು, ಯಾಕೆ ತಡ ಅಂತ. ಕರಡಿನಲ್ಲಿ ಸಂಸ್ಥೆಯವರು 'ಕಚ್ಚಾ ವಸ್ತು ಪೂರೈಕೆಯಲ್ಲಿ ಅಡಚಣೆ' ಅಂತ ಬರೆದು ಕಳಿಸಿದ್ದರು. ಎಲ್ಲರೂ ಬರೆಯುವ ಕಾರಣ, ಯಾರೂ ಪ್ರಶ್ನೆ ಮಾಡುವುದಿಲ್ಲ. ನಾನು ಅದನ್ನು ಅಳಿಸಿ, 'ಪೈಲಟ್ ರೂಮಿನ ಗಾಳಿಯಲ್ಲಿ ಸೀಸ ಕಾನೂನಿನ ಮಿತಿ ಮೀರಿದ್ದರಿಂದ ಕೆಲಸ ನಿಲ್ಲಿಸಲಾಗಿದೆ' ಅಂತ ಬರೆದೆ. ವರದಿಯನ್ನೂ ಲಗತ್ತಿಸಿದೆ. ಮೂರು ಕಡೆಯಿಂದ ಫೋನ್ ಬಂತು. ಮ್ಯಾನೇಜರ್ ಜೋರು ಮಾಡಲಿಲ್ಲ. "ಇದು ಬೇಕಿತ್ತಾ?" ಅಂತಷ್ಟೇ ಕೇಳಿದರು. "ಕಾರಣ ಸುಳ್ಳಾದರೆ ನಾಳೆ ಆಡಿಟ್‌ನಲ್ಲಿ ಸಹಿ ಮಾಡಿದವರು ಸಿಕ್ಕಿಹಾಕಿಕೊಳ್ಳುತ್ತಾರೆ ಸರ್" ಅಂದೆ. ಸಹಿ ಅವರದಾಗಿತ್ತು. ಅರ್ಜಿ ಹಾಗೇ ಹೋಯಿತು.

ಒಮ್ಮೆ ಫೈಲಿನೊಳಗೆ ಹೋದ ಮಾತಿಗೆ ಯಾರಾದರೂ ಉತ್ತರ ಬರೆಯಲೇಬೇಕು. ಸಮಿತಿ ಬರೆಯಿತು: ಸರಿಪಡಿಸುವ ಕ್ರಮ ಏನು, ಯಾವಾಗ ಮುಗಿಯುತ್ತದೆ, ತಿಳಿಸಿ.

ಕ್ರಮ ಅಂದರೆ ಮೊದಲು ಧೂಳು ಹೀರುವ ಹುಡ್. ಇಲ್ಲಿ ಮತ್ತೆ ಬಾಬ್ತಿನ ತಕರಾರು. ಹುಡ್ ಗೋಡೆಗೆ ಕೂರುತ್ತದೆ, ಹಾಗಾದರೆ ಅದು ಕಟ್ಟಡ ಕಾಮಗಾರಿ, ನಮ್ಮ ಅನುದಾನದಲ್ಲಿ ಕಟ್ಟಡಕ್ಕೆ ಅವಕಾಶ ಇಲ್ಲ. ಕಂಪನಿಯ ಫೈನಾನ್ಸಿನವರು, ಪ್ರಾಜೆಕ್ಟಿನ ಹುಡ್‌ಗೆ ನಾವ್ಯಾಕೆ ಕೊಡಬೇಕು ಅಂತ. ತಿಂಗಳುಗಟ್ಟಲೆ ಪತ್ರ ಓಡಾಡಿದವು. ಕೊನೆಗೆ ಸಿಕ್ಕ ಪರಿಹಾರ ಕೇಳಿದರೆ ನಗು ಬರುತ್ತದೆ. ಹುಡ್ ಅನ್ನು 'ಮಿಕ್ಸರಿನ ಬಿಡಿಭಾಗ' ಅಂತ ಯಂತ್ರದ ಬಾಬ್ತಿಗೆ ಹಾಕಿ, ಉಳಿದ ದುಡ್ಡು ಅಲ್ಲಿಗೆ ಸರಿಸಲು ಒಪ್ಪಿಗೆ ಪಡೆದೆವು. ಹುಡ್‌ನಿಂದ ಆಚೆ ಹೋಗುವ ಡಕ್ಟ್, ಫ್ಯಾನು, ಫಿಲ್ಟರ್ ಮನೆ, ಚಿಮಣಿ ಕಂಪನಿಯದು. ಚಿಮಣಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇರೆ. ಈಗಲೂ ಹೋದರೆ ಕಾಣುತ್ತದೆ, ಹುಡ್ ಮೇಲೆ ಸರ್ಕಾರದ ಸ್ಟಿಕ್ಕರ್, ಒಂದಡಿ ಮೇಲೆ ಡಕ್ಟ್‌ಗೆ ಕಂಪನಿಯ ಸ್ಟಿಕ್ಕರ್. ಧೂಳು ಎರಡನ್ನೂ ದಾಟಿ ಹೋಗುತ್ತದೆ.

ಹುಡ್‌ಗೆ ಕಾಯದೆ ಮಾಡಬಹುದಾದ ಕೆಲಸಗಳು ಬೇಗ ಆದವು. ಒಣ ಪೊರಕೆ ಬಂದ್, ನೀರು ಹಾಕಿ ತೊಳೆಯುವುದು, ನುಣ್ಣಗಿನ ಧೂಳನ್ನೂ ಹಿಡಿಯುವ ಫಿಲ್ಟರಿನ ವ್ಯಾಕ್ಯೂಮ್. ಎರಡು ಲಾಕರ್, ಮನೆಯ ಬಟ್ಟೆಗೆ ಒಂದು, ಕೆಲಸದ ಬಟ್ಟೆಗೆ ಒಂದು. ಯೂನಿಫಾರ್ಮ್ ಕಂಪನಿಯಲ್ಲೇ ಒಗೆಯುವುದು. ತಂಬಾಕು ಗೇಟಿನ ಆಚೆ. ಇದೊಂದಕ್ಕೆ ಮಾತ್ರ ಬಹಳ ಜಗಳ ಆಯಿತು, ಪೂರ್ತಿ ಗೆದ್ದೆವು ಅಂತ ಹೇಳಲಾರೆ.

ಇನ್ನು ರಕ್ತದ ವಿಷಯ. ಇಲ್ಲಿ ಅನಿರೀಕ್ಷಿತ ತಿರುವು ಬಂತು. ಸಂಸ್ಥೆಯ ತರುಣ ವಿಜ್ಞಾನಿಯೊಬ್ಬರಿಗೆ ಉತ್ಸಾಹ. ಹೇಗೂ ರಕ್ತ ತೆಗೆಯುತ್ತೀರಿ, ಹುಡ್‌ಗೆ ಮೊದಲು, ಹುಡ್ ಆದ ಮೇಲೆ ಅಂತ ಹೋಲಿಸಿ ಒಂದು ಪ್ರಬಂಧ ಮಾಡೋಣ, ಯೋಜನೆಯ ಸಾಧನೆಗೂ ಆಗುತ್ತದೆ ಅಂದರು. ಒಂದು ವೈದ್ಯಕೀಯ ಕಾಲೇಜನ್ನೂ ಮಾತಾಡಿಸಿದರು. ಮನುಷ್ಯರ ಮೇಲೆ ಸಂಶೋಧನೆ ಅಂದ ಮೇಲೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಈ ಸಮಿತಿಯಲ್ಲಿ 7ರಿಂದ 15 ಜನ, ಅಧ್ಯಕ್ಷರು ಹೊರಗಿನವರೇ ಆಗಿರಬೇಕು. ಡಾಕ್ಟರುಗಳ ಜೊತೆ ಕಾನೂನು ಬಲ್ಲವರು, ಸಾಮಾನ್ಯ ಜನರ ಕಡೆಯವರು ಕೂಡ ಇರಬೇಕು.

ನಾನು ಸುಮ್ನೆ ಜೊತೆಗೆ ಹೋಗಿದ್ದೆ. ಅಲ್ಲಿ ಆ 'ಸಾಮಾನ್ಯ ಜನರ ಕಡೆಯ' ಸದಸ್ಯೆ, ನಿವೃತ್ತ ಶಾಲಾ ಶಿಕ್ಷಕಿಯಂತೆ, ಕೇಳಿದ ಪ್ರಶ್ನೆಗಳ ಮುಂದೆ ನಮ್ಮ ಪರಿಶೀಲನಾ ಸಮಿತಿ ಏನೂ ಅಲ್ಲ. ರಿಪೋರ್ಟ್ ಮೊದಲು ಯಾರ ಕೈಗೆ ಹೋಗುತ್ತದೆ? ಸೀಸ ಜಾಸ್ತಿ ಬಂದ ಮನುಷ್ಯನನ್ನು ಠೇಕೇದಾರ ಮನೆಗೆ ಕಳಿಸಿದರೆ ಯಾರು ಹೊಣೆ? ಮ್ಯಾನೇಜರ್ ಎದುರು ನಿಂತು ಕೂಲಿಯವನು ಇಲ್ಲ ಅನ್ನಬಲ್ಲನೇ? ಬೇಡ ಅಂದವನಿಗೂ ಪರೀಕ್ಷೆ ಸಿಗುತ್ತದಾ? ಕೊನೆಯ ಪ್ರಶ್ನೆಗೆ ವಿಜ್ಞಾನಿ ತಡವರಿಸಿದರು. ಆಕೆ ಹೇಳಿದ್ದು ಸರಳ. ಕಾನೂನು ಪ್ರಕಾರ ಮಾಡಲೇಬೇಕಾದ ಪರೀಕ್ಷೆಯನ್ನು ಸಂಶೋಧನೆ ಅಂತ ಕರೆದರೆ, ಒಪ್ಪಿಗೆ ಕೊಡದವರು ತಮ್ಮ ಹಕ್ಕನ್ನೇ ಕಳೆದುಕೊಳ್ಳುತ್ತಾರೆ. ಮೊದಲು ಎಲ್ಲರಿಗೂ ಪರೀಕ್ಷೆ ಮಾಡಿ, ರಿಪೋರ್ಟ್ ಅವರವರ ಕೈಗೆ ಕೊಡಿ. ಪ್ರಬಂಧ ಬೇಕಾದರೆ ಆಮೇಲೆ ಬೇರೆಯಾಗಿ ಬಂದು ಕೇಳಿ.

ಪ್ರಬಂಧ ಅಲ್ಲಿಗೆ ನಿಂತಿತು. ಪರೀಕ್ಷೆ ನಡೆಯಿತು.

ಅದಕ್ಕೆ ಮೊದಲು ಒಂದು ಭಾನುವಾರ ನಾನು ಮತ್ತು ವೈದ್ಯೆ ಅವರ ಖೋಲಿಗಳಿಗೇ ಹೋದೆವು. ಕೆಲಸದ ಹೊತ್ತಲ್ಲಿ, ಮುಕಾದಮನ ಎದುರು ಹೇಳಿದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ವೈದ್ಯೆ ಮರಾಠಿಯಲ್ಲಿ ಹೇಳಿದ್ದನ್ನು ನಾನು ನಮ್ಮ ಭಾಷೆಯಲ್ಲಿ ಹೇಳುತ್ತಾ ಹೋದೆ. ರಕ್ತದಲ್ಲಿರುವ ಸೀಸ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಬೇಕು. ಆದರೆ ಮೈಯಲ್ಲಿರುವ ಸೀಸದ ಬಹುಪಾಲು ಮೂಳೆಯಲ್ಲಿ ಕೂತಿರುತ್ತದೆ, ಅಲ್ಲಿ ಹತ್ತಾರು ವರ್ಷ ಇರುತ್ತದೆ, ಸ್ವಲ್ಪ ಸ್ವಲ್ಪ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಕೆಲಸ ಬಿಟ್ಟ ಮರುದಿನವೇ ಮೈ ಹಗುರಾಗುವುದಿಲ್ಲ.

ಮೂಲೆಯಲ್ಲಿ ಕೂತಿದ್ದ ಒಬ್ಬ ಹೆಣ್ಣುಮಗಳು ಕೇಳಿದಳು, "ಇವರ ಅಂಗಿ ನಾನ ಒಗೀತೀನ್ರಿ. ಕೂಸು ತೊಡಿ ಮ್ಯಾಲೆ ಇರ್ತದ. ಕೂಸಿಗೂ ಹತ್ತತದೇನ್ರಿ?"

ಹತ್ತುತ್ತದೆ. ಬಾಯಿಗೆ ಹೋದ ಸೀಸದಲ್ಲಿ ದೊಡ್ಡವರ ಮೈ ಹತ್ತರಲ್ಲೊಂದು ಪಾಲು ಹೀರಿದರೆ, ಸಣ್ಣ ಮಕ್ಕಳ ಮೈ ಅರ್ಧದಷ್ಟು ಹೀರುತ್ತದೆ. ಕಬ್ಬಿಣಾಂಶ ಕಡಿಮೆ ಇದ್ದರೆ ಇನ್ನೂ ಜಾಸ್ತಿ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಅನ್ನೋ ಸ್ವಯಂಸೇವಾ ಸಂಸ್ಥೆ ಕೊಟ್ಟ ವರದಿ ಪ್ರಕಾರ, ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಇರುವ ಮಕ್ಕಳು ನಮ್ಮ ದೇಶದಲ್ಲೇ 27 ಕೋಟಿಗೂ ಮೇಲೆ. ಪೆಟ್ರೋಲಿನಿಂದ ಸೀಸ ತೆಗೆದದ್ದು 2000ದಲ್ಲಿ. ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್ ಅಂಥವರು ಮಕ್ಕಳ ರಕ್ತದ ಸೀಸದ ಬಗ್ಗೆ ದಶಕಗಳಿಂದ ಹೇಳುತ್ತಲೇ ಬಂದಿದ್ದಾರೆ. ಆದರೂ ಆ ಖೋಲಿಯಲ್ಲಿದ್ದ ಯಾರಿಗೂ ಇದರ ಸುದ್ದಿಯೇ ಮುಟ್ಟಿರಲಿಲ್ಲ. ಮಕ್ಕಳ ಪರೀಕ್ಷೆಯನ್ನೂ ಪಟ್ಟಿಗೆ ಸೇರಿಸಿದೆವು. ದುಡ್ಡು ಕಂಪನಿಯ ಕ್ಷೇಮನಿಧಿಯಿಂದ ಬಂತು. ಇದಕ್ಕೆ ಯಾವ ಬಾಬ್ತೂ ಹೊಂದುವುದಿಲ್ಲ ಅಂತ ನಾನು ಕೇಳಲೂ ಹೋಗಲಿಲ್ಲ.

ರಕ್ತ ತೆಗೆಯುವ ದಿನ ಎಲ್ಲರನ್ನೂ ಪಾಳಿಗೆ ಮೊದಲು, ಸ್ವಚ್ಛ ಬಟ್ಟೆಯಲ್ಲಿ ಕರೆದರು. ಮೊಣಕೈವರೆಗೆ ಸೋಪು ಹಚ್ಚಿ ತೊಳೆಸಿದ ಮೇಲೇ ಸೂಜಿ. ಚರ್ಮದ ಮೇಲಿನ ಧೂಳು ಒಂದು ಕಣ ಸೇರಿದರೂ ಲೆಕ್ಕ ಸುಳ್ಳಾಗುತ್ತದೆ. ಬೆರಳಿಗೆ ಚುಚ್ಚಿದರೆ ಸಾಲದೇ ಅಂತ ಕೆಲವರು ಕೇಳಿದರು. ಸೀಸದ ಕೆಲಸ ಮಾಡುವವರ ಬೆರಳಿನ ರಕ್ತ ನಂಬುವಂತಿಲ್ಲ ಅಂತ ವೈದ್ಯೆ ಒಪ್ಪಲಿಲ್ಲ.

ಮೊದಲು ನನ್ನ ಮೇಜಿಗೆ ಬಂದಿದ್ದ ಆ ತೂಕದ ಕೆಲಸದವರ ರಿಪೋರ್ಟ್ ಎಲ್ಲರಿಗಿಂತ ಮೇಲಿತ್ತು. ಡೆಸಿಲೀಟರಿಗೆ 50 ಮೈಕ್ರೋಗ್ರಾಂ ದಾಟಿತ್ತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಈಗ 3.5ಕ್ಕೇ ಗಮನ ಕೊಡಿ ಅನ್ನುತ್ತದೆ. ವೈದ್ಯೆ ಅವರನ್ನು ಸೀಸದ ಕೆಲಸದಿಂದ ತೆಗೆಯಬೇಕು ಅಂತ ಬರೆದರು. ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ, ಸೀಸದ ವಿಷವೇ ಮೊದಲ ಹೆಸರು. ಅದರ ಪತ್ರವೂ ಹೋಯಿತು.

ಠೇಕೇದಾರ ಹೇಳಿದ್ದು ಒಂದೇ ಮಾತು, ಕೆಲಸ ಇಲ್ಲ ಅಂದರೆ ಪಗಾರ ಇಲ್ಲ. ಅಮೆರಿಕದ ಸೀಸದ ನಿಯಮದಲ್ಲಿ ಹೀಗೆ ಕೆಲಸದಿಂದ ಸರಿಸಿದವರ ಸಂಬಳವನ್ನು 18 ತಿಂಗಳವರೆಗೆ ಕಾಯುವ ಏರ್ಪಾಡಿದೆ. ಆ ಕಾಗದ ಪ್ರಿಂಟ್ ಮಾಡಿ ಮ್ಯಾನೇಜರ್ ಮೇಜಿನ ಮೇಲಿಟ್ಟೆ. ಅದು ಇಲ್ಲಿ ಕಾನೂನಲ್ಲ, ಅವರಿಗೂ ಗೊತ್ತು. ಆದರೆ ದಾದಾ ಪಕ್ಕದಲ್ಲಿ ಕೂತು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ನೆನಪಿಸಿದರು. ಠೇಕೇದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕರೇ ಕೊಡಬೇಕು. ಮ್ಯಾನೇಜರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಅದೇ ಕೂಲಿಗೆ ಡಿಸ್ಪ್ಯಾಚ್ ವಿಭಾಗಕ್ಕೆ ಹಾಕಿ ಅಂದರು. ಠೇಕೇದಾರನಿಗೆ ಲಿಖಿತ ಪತ್ರ ಕೊಟ್ಟೆವು. ಬಾಯಿಮಾತಿಗೆ ಬಿಟ್ಟಿದ್ದರೆ ಮುಂದಿನ ತಿಂಗಳೇ ಬದಲಾಗುತ್ತಿತ್ತು ಅಂತ ನನಗೆ ಈಗಲೂ ಖಾತ್ರಿ.

ಇಎಸ್ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಅದರ ಕಡೆಯದು ಬೇರೆಯೇ ಪುರಾಣ. ಅವರ ವಿಮಾ ನಂಬರಿಗೆ ಜೋಡಿಸಿದ್ದ ಮೊಬೈಲ್ ಹಳೇ ಮುಕಾದಮನದು, ಒಟಿಪಿ ಎಲ್ಲ ಅವನಿಗೆ. ಅದನ್ನು ಬಿಡಿಸಿಕೊಂಡ ಮೇಲೆ ಔಷಧ, ಮುಂದಿನ ಪರೀಕ್ಷೆ ಸರಾಗವಾದವು. ಸೀಸದ ವಿಷ ಅಲ್ಲೂ ಔದ್ಯೋಗಿಕ ಕಾಯಿಲೆ. ರಜೆ ಬೇಕಾದರೆ ಮಾಮೂಲಿ ಕಾಯಿಲೆಯ 70 ಶೇಕಡಾ ಅಲ್ಲ, ಕೆಲಸದ ಗಾಯದ ಹಾಗೆ ಕೂಲಿಯ 90 ಶೇಕಡಾ ಸಿಗುತ್ತದೆ. ಇದನ್ನು ಅಲ್ಲಿನ ಗುಮಾಸ್ತರೇ ನಮಗೆ ಹೇಳಿದರು, ಪಾಪ.

ಮಹಾರಾಷ್ಟ್ರದಲ್ಲಿ ಕಾರ್ಖಾನೆ ನೋಡುವ ಇಲಾಖೆಗೆ ಡಿಶ್ ಅಂತಾರೆ, ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯ. ಅವರ ಇನ್‌ಸ್ಪೆಕ್ಟರ್ ಬಂದರು. ಎರಡು ತಾಸು ಆ ರೂಮಿನಲ್ಲಿದ್ದರು. ಸ್ಟಿಕ್ಕರ್ ಕಡೆ ನೋಡಲಿಲ್ಲ. ಹುಡ್ ಬಾಯಲ್ಲಿ ಗಾಳಿಯ ವೇಗ ಅಳೆಸಿದರು. ತೊಳೆಯುವ ನಲ್ಲಿಯಲ್ಲಿ ನೀರು ಬರುತ್ತದಾ ಅಂತ ತಾವೇ ತಿರುಗಿಸಿ ನೋಡಿದರು. ಹೆಲ್ಪರ್‌ಗಳನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿದರು. ಮಾತಿಗೆ ನಾನೇ ನಡುವೆ ನಿಲ್ಲಬೇಕಾಯಿತು. ಕಂಪನಿಯವನೇ ದುಭಾಷಿ ಆದರೆ ಹೇಗೆ ಅಂತ ಅವರು ಸರಿಯಾಗಿಯೇ ಆಕ್ಷೇಪ ಎತ್ತಿ, ಹಿಂದಿ ಬರುವ ಒಬ್ಬ ಹೆಲ್ಪರ್‌ನನ್ನೇ ಹುಡುಕಿಸಿದರು. ನಕ್ಷೆ ತಿದ್ದಿ ಮತ್ತೆ ಮಂಜೂರು ಮಾಡಿಸಿಕೊಳ್ಳಲು ಹೇಳಿ ಹೋದರು. ಗೋದಾಮು ನಕ್ಷೆಯಲ್ಲಿ ಮಿಕ್ಸಿಂಗ್ ರೂಮ್ ಆಯಿತು.

ವಿಸ್ತರಣೆ ಸಿಕ್ಕಿತು, ಪ್ರಯೋಗ ಮುಗಿಯಿತು. ಇಂಗಾಲದ ಫಲಿತಾಂಶ ಚೆನ್ನಾಗಿತ್ತು, ಅದರ ವಿವರ ಗುಟ್ಟಿನ ಕರಾರಿನೊಳಗೆ ಬರುತ್ತದೆ, ಇಲ್ಲಿ ಬರೆಯುವಂತಿಲ್ಲ. ಡಿಸ್ಪ್ಯಾಚಿಗೆ ಹೋದವರ ರಕ್ತದ ಅಂಕಿ ಇಳಿಯಿತು, ನಿಧಾನಕ್ಕೆ. ಪ್ರತಿ ಸಲ ಹಾಳೆ ಹಿಡಿದು ಬಂದು, "ಇನ್ನೂ ಇಳೀವಲ್ದಲ್ರಿ" ಅಂತ ಬೇಜಾರು ಮಾಡಿಕೊಳ್ಳುತ್ತಿದ್ದರು. ತಂಬಾಕು ಬಿಟ್ಟಿರಾ ಅಂದರೆ ನಕ್ಕು ಹೋಗುತ್ತಿದ್ದರು.

ಕೊನೆಯ ಪರಿಶೀಲನಾ ಸಭೆಯಲ್ಲಿ ನಾನು ಒಂದು ಬೇಡಿಕೆ ಇಟ್ಟೆ. ಪ್ರಗತಿ ವರದಿಯ ನಮೂನೆಯಲ್ಲಿ ಎರಡು ಸಾಲು ಸೇರಿಸಿ: ಕೆಲಸದ ಜಾಗದ ಗಾಳಿಯ ಅಳತೆ, ವೈದ್ಯಕೀಯ ಪರೀಕ್ಷೆ ಆದವರ ಸಂಖ್ಯೆ. ಅಂಕಿ ಕೂಡ ಬೇಡ, ಆಯಿತೋ ಇಲ್ಲವೋ ಅಂತ ಸಾಕು. ಕರ್ಚೀಫಿನ ಹಿರಿಯರು ಒಳ್ಳೆಯ ಸಲಹೆ ಅಂದರು. ಇನ್ನೊಬ್ಬರು, ಅದು ಕಾರ್ಮಿಕ ಇಲಾಖೆಯ ವ್ಯಾಪ್ತಿ, ನಮ್ಮದಲ್ಲ ಅಂದರು. ನಡಾವಳಿಯಲ್ಲಿ 'ಸಲಹೆಯನ್ನು ಗಮನಿಸಲಾಯಿತು' ಅಂತ ಬಂತು.

ನಮೂನೆ ಬದಲಾಗಿಲ್ಲ. ಈಗ ಎರಡನೇ ಯೋಜನೆ ನಡೆಯುತ್ತಿದೆ, ಬೇರೆ ಸಂಸ್ಥೆಯ ಜೊತೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ರೂಮಿನ ನಕ್ಷೆ, ಹುಡ್‌ನ ಖರ್ಚು, ರಕ್ತ ಪರೀಕ್ಷೆಯ ಹೊಣೆ ಯಾರದು ಅನ್ನೋದನ್ನು ಪ್ರತ್ಯೇಕ ಪುಟದಲ್ಲಿ ಬರೆಸಿದ್ದೇನೆ. ಮೂರು ತಿಂಗಳಿಗೊಮ್ಮೆ ಹೋಗುವ ವರದಿಯ ಕೊನೆಯಲ್ಲಿ 'ಇತರೆ ಮಾಹಿತಿ, ಇದ್ದಲ್ಲಿ' ಅಂತ ಒಂದು ಅಂಕಣ ಇದೆ. ಗಾಳಿಯ ಅಳತೆಯನ್ನು ಅಲ್ಲಿ ಬರೆಯುತ್ತೇವೆ. ಯಾರೂ ಕೇಳಿಲ್ಲ, ಯಾರೂ ಬೇಡ ಅಂದಿಲ್ಲ.